ಸಂಜೆಯ ಅಕ್ಷರ ತರಗತಿಗೆ ಬೇಕಾದ ಪಾಠ ಅಂತರ್ಜಾಲದಲ್ಲಿ ಎಲ್ಲೆಲ್ಲಿದೆ

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಂಜೆ ಏಳರ ನಂತರ ಹತ್ತು ಹನ್ನೆರಡು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಹೇಳಿಕೊಡುವ ಸ್ವಯಂಸೇವಕಿಯೊಬ್ಬರು ತಮ್ಮ ಮೊಬೈಲಿನಲ್ಲಿ ‘ಕನ್ನಡ ಕಲಿಕೆ’ ಎಂದು ಹುಡುಕಿದರೆ ಮೊದಲು ಸಿಗುವುದು ಬಣ್ಣದ ಆನೆ, ಕುಣಿಯುವ ಇಲಿ, ಶಿಶುಗೀತೆಯ ವಿಡಿಯೋ. ‘ವಯಸ್ಕರ ಶಿಕ್ಷಣ’ ಎಂದು ಹುಡುಕಿದರೆ ಸುತ್ತೋಲೆಗಳು, ಪತ್ರಿಕೆಯ ವರದಿಗಳು, ಬಿ.ಇಡಿ. ಪರೀಕ್ಷೆಯ ಟಿಪ್ಪಣಿಗಳು ಬರುತ್ತವೆ. ಇಂಗ್ಲಿಷಿನಲ್ಲಿ ಹುಡುಕಬಲ್ಲವರಿಗೆ ಅಮೆರಿಕ, ಇಂಗ್ಲೆಂಡ್, ಐರ್ಲೆಂಡಿನ ಬೋಧಕರಿಗಾಗಿ ಸಿದ್ಧಪಡಿಸಿದ ಸಾಮಗ್ರಿ ಹೇರಳವಾಗಿ ಸಿಗುತ್ತದೆ. ಆದರೆ ಮೊಮ್ಮಕ್ಕಳನ್ನು ಕಂಡಿರುವ, ಬ್ಯಾಂಕಿನ ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಬೇಸತ್ತಿರುವ ಹೆಂಗಸಿಗೆ ಇವತ್ತು ರಾತ್ರಿ ಏನನ್ನು ಓದಿಸಬೇಕು ಎಂಬ ಪ್ರಶ್ನೆಗೆ ಈ ಮೂರರಲ್ಲಿ ಯಾವುದೂ ನೇರವಾಗಿ ಉತ್ತರಿಸುವುದಿಲ್ಲ. ಬೇಕಾದದ್ದು ಅಂತರ್ಜಾಲದಲ್ಲಿ ಇದೆ. ಆದರೆ ಚದುರಿಹೋಗಿದೆ, ಮತ್ತು ಅದರ ಅತ್ಯುತ್ತಮ ಭಾಗಕ್ಕೆ ‘ಕಲಿಕಾ ಸಾಮಗ್ರಿ’ ಎಂಬ ಹೆಸರೇ ಇಲ್ಲ. ಅದನ್ನು ಹೇಗೆ ಗುರುತಿಸಿ, ಸೋಸಿ, ತರಗತಿಗೆ ಇಳಿಸಿಕೊಳ್ಳಬಹುದು ಎಂಬುದನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಈ ಭಾಗಕ್ಕೆ ಈ ವಿಷಯ ಎಷ್ಟು ಮುಖ್ಯ ಎಂಬುದಕ್ಕೆ 2011ರ ಜನಗಣತಿಯ ಅಂಕಿಗಳು ಸಾಕು. ಆಗ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಬೀದರ್ ಶೇ. 70.51, ಕಲಬುರಗಿ ಶೇ. 64.85 ಮತ್ತು ಯಾದಗಿರಿ ಶೇ. 51.83ರಲ್ಲಿದ್ದವು, ರಾಜ್ಯದಲ್ಲೇ ಕೊನೆಯ ಸ್ಥಾನ ಯಾದಗಿರಿಯದಾಗಿತ್ತು. ಏಳು ವರ್ಷ ಮೇಲ್ಪಟ್ಟವರಲ್ಲಿ ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರನ್ನು ಜನಗಣತಿಯು ಸಾಕ್ಷರರೆಂದು ಎಣಿಸುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ತಿಳಿಸಿದ ವ್ಯಾಖ್ಯೆ ಇದಕ್ಕಿಂತ ವಿಶಾಲವಾಗಿದ್ದು, ಓದು, ಬರಹ, ಲೆಕ್ಕಗಳ ಜೊತೆಗೆ ಡಿಜಿಟಲ್ ಮತ್ತು ಹಣಕಾಸಿನ ತಿಳಿವಳಿಕೆಯನ್ನೂ ಅದರೊಳಗೆ ಸೇರಿಸಿದೆ. ಅಂದರೆ ಅಂತರ್ಜಾಲವು ಬೋಧಕರಿಗೆ ಪಾಠ ಹುಡುಕುವ ಜಾಗವಾಗಿರುವಂತೆಯೇ ಕಲಿಯುವವರು ಕಲಿಯಬೇಕಾದ ವಿಷಯವೂ ಆಗಿದೆ.

ಮೊದಲು ಜರಡಿ

ಯಾವ ಸಾಮಗ್ರಿ ಕಣ್ಣಿಗೆ ಬಿದ್ದರೂ ಉಳಿಸಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದರಲ್ಲಿನ ವಿಷಯ ದೊಡ್ಡವರ ಬದುಕಿಗೆ ಸಂಬಂಧಿಸಿದ್ದೇ ಎಂಬುದು ಮೊದಲನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು. ವಯಸ್ಕರು ಕಲಿಯಲಾರದೆ ತರಗತಿ ಬಿಡುವುದಕ್ಕಿಂತ ನಾಚಿಕೆಯಿಂದ ಬಿಡುವುದೇ ಹೆಚ್ಚು. ಕುಣಿಯುವ ಇಲಿಯ ವಿಡಿಯೋ ಹಾಕಿದ ದಿನ ‘ಅಕ್ಕೋರ, ನಾ ಏನ್ ಸಣ್ಣ ಹುಡುಗಿ ಏನ್ರಿ?’ ಎಂದು ನಕ್ಕು ಎದ್ದುಹೋದವರು ಮತ್ತೆ ಬರುವುದು ಕಷ್ಟ. ಎರಡನೆಯದು, ನೆಟ್‌ವರ್ಕ್ ಇಲ್ಲದಿದ್ದರೂ ಇದು ನಡೆಯುತ್ತದೆಯೇ ಎಂಬುದು. ಹಗಲು ಮನೆಯ ಮಾಳಿಗೆ ಹತ್ತಿ ಇಳಿಸಿಕೊಂಡ ಕಡತವು ರಾತ್ರಿ ಗುಡಿಯ ಕಟ್ಟೆಯ ಮೇಲೂ ತೆರೆಯಬೇಕು. ಮೂರನೆಯದು, ಸಾಧಾರಣ ಮೊಬೈಲಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಕಾಣುತ್ತದೆಯೇ ಎಂಬುದು. ನಾಲ್ಕನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ: ಇದನ್ನು ನಕಲು ಮಾಡಿ ಹಂಚಲು, ನಮ್ಮ ಊರಿಗೆ ತಕ್ಕಂತೆ ತಿದ್ದಲು ನನಗೆ ಹಕ್ಕಿದೆಯೇ?

ಈ ಕೊನೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುವುದೆಲ್ಲವೂ ಮುಕ್ತವಾದದ್ದಲ್ಲ. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಯಡಿ ಪ್ರಕಟವಾದ ಬರಹವನ್ನು, ಮೂಲ ಕರ್ತೃವಿನ ಹೆಸರು ನಮೂದಿಸಬೇಕೆಂಬಂಥ ಷರತ್ತುಗಳಿಗೆ ಒಳಪಟ್ಟು ಮುದ್ರಿಸಬಹುದು, ಹಂಚಬಹುದು. ಪರವಾನಗಿಯ ಬಗೆಯನ್ನು ಅನುಸರಿಸಿ ತಿದ್ದಬಹುದು, ಅನುವಾದಿಸಬಹುದು. ವಿಕಿಪೀಡಿಯದ ಬರಹಗಳು, ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ಕಥೆಗಳು ಹೀಗೆ ತಿದ್ದಲು ಅವಕಾಶವಿರುವ ಜಾತಿಗೆ ಸೇರುತ್ತವೆ. ಯಾರೋ ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಟ್ಟ ಪುಸ್ತಕದ ಪಿಡಿಎಫ್ ಈ ಜಾತಿಗೆ ಸೇರುವುದಿಲ್ಲ. ವಯಸ್ಕರ ತರಗತಿಯಲ್ಲಿ ತಿದ್ದುವ ಹಕ್ಕಿಗೆ ವಿಶೇಷ ಬೆಲೆಯಿದೆ. ಮಂಡ್ಯದ ಗದ್ದೆಯನ್ನು ಕುರಿತ ವಾಕ್ಯವನ್ನು ಚಿತ್ತಾಪುರದ ತೊಗರಿ ಹೊಲಕ್ಕೆ ಬದಲಿಸಿಕೊಂಡರೆ ಓದುವವರ ಮುಖವೇ ಬೇರೆಯಾಗುತ್ತದೆ.

ಸರ್ಕಾರದ ಕಡೆಯಿಂದ ಸಿಗುವುದು

ಸಾಕ್ಷರ ಭಾರತ ಕಾರ್ಯಕ್ರಮವು 2009ರಿಂದ 2018ರವರೆಗೆ ನಡೆದಾಗ ಗ್ರಾಮ ಪಂಚಾಯಿತಿ ಮಟ್ಟದ ಲೋಕ ಶಿಕ್ಷಣ ಕೇಂದ್ರಗಳಲ್ಲಿ ಕಲಿಕೆಯ ಉಸ್ತುವಾರಿಗೆ ಪ್ರೇರಕರಿದ್ದರು. ಈಗಿನ ‘ಉಲ್ಲಾಸ್ – ನವ ಭಾರತ ಸಾಕ್ಷರತಾ ಕಾರ್ಯಕ್ರಮ’ವು 2022ರಿಂದ 2027ರವರೆಗಿನದು, ಹದಿನೈದು ವರ್ಷ ಮೇಲ್ಪಟ್ಟ ಐದು ಕೋಟಿ ಮಂದಿಯನ್ನು ತಲುಪುವುದು ಅದರ ಗುರಿ, ಮತ್ತು ಅದು ನಡೆಯುವುದು ಸ್ವಯಂಸೇವಕರ ಬಲದ ಮೇಲೆ. 2023ರ ಜುಲೈಯಲ್ಲಿ ಬಿಡುಗಡೆಯಾದ ಉಲ್ಲಾಸ್ ಆ್ಯಪ್‌ನಲ್ಲಿ ಕಲಿಯುವವರನ್ನೂ ಕಲಿಸುವವರನ್ನೂ ನೋಂದಾಯಿಸಬಹುದು. ಅಲ್ಲಿಂದಲೇ ಸರ್ಕಾರದ ‘ದೀಕ್ಷಾ’ ಶಿಕ್ಷಣ ಪೋರ್ಟಲಿನ ಸಾಮಗ್ರಿಗೆ ದಾರಿಯಿದೆ. ಎನ್‌ಸಿಇಆರ್‌ಟಿಯಲ್ಲಿ ಈ ಕೆಲಸಕ್ಕೆಂದೇ ಒಂದು ಘಟಕವಿದ್ದು, ವಯಸ್ಕರ ಪ್ರವೇಶಿಕೆಗಳನ್ನು, ಅಂದರೆ ಅಕ್ಷರ ಕಲಿಸುವ ಮೊದಲ ಪುಸ್ತಕಗಳನ್ನು, ಅದು ಸಿದ್ಧಪಡಿಸಿದೆ. ಕರ್ನಾಟಕದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯವು ಕನ್ನಡದ ಪ್ರಾಥಮಿಕ ಪುಸ್ತಕಗಳನ್ನು ಕೊಡುತ್ತ ಬಂದಿದೆ.

ಕಲಿಕೆಯ ಕೊನೆಗೆ ನಡೆಯುವ ಪರೀಕ್ಷೆಯು ಓದು, ಬರಹ, ಲೆಕ್ಕ ತಲಾ 50 ಅಂಕಗಳಂತೆ ಒಟ್ಟು 150 ಅಂಕಗಳದ್ದು. ಇದರ ಹಳೆಯ ಪ್ರಶ್ನೆಪತ್ರಿಕೆಗಳು ಸಿಕ್ಕರೆ ಇಳಿಸಿಟ್ಟುಕೊಳ್ಳಬೇಕು, ಆದರೆ ಅವನ್ನೇ ಪಾಠವಾಗಿ ಮಾಡಿಕೊಳ್ಳಬಾರದು ಎಂದು ನನ್ನ ಅಭಿಪ್ರಾಯ. ಪರೀಕ್ಷೆಯ ಉತ್ತರವನ್ನು ಚಿತ್ರದಂತೆ ನೆನಪಿಟ್ಟು ಬರೆದು ಬಂದವರು ಆರು ತಿಂಗಳಲ್ಲಿ ಮತ್ತೆ ಹೆಬ್ಬೆಟ್ಟಿಗೆ ಮರಳುತ್ತಾರೆ. ಪ್ರಮಾಣಪತ್ರ ಪಡೆದ ಮೇಲೂ ಓದಬೇಕೆನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮಾನವಾದ ಹಂತಗಳಿವೆ.

ಕಲಿಯುವವರು ಯಾವ ಹಂತದಲ್ಲಿದ್ದಾರೆಂದು ಐದು ನಿಮಿಷದಲ್ಲಿ ತಿಳಿಯಲು ಮಕ್ಕಳಿಗಾಗಿ ಸಿದ್ಧವಾದ ‘ಅಸರ್’ ಸಮೀಕ್ಷೆಯ ಕನ್ನಡ ಓದಿನ ಹಾಳೆ ಉಪಯೋಗಕ್ಕೆ ಬರುತ್ತದೆ. ಅಕ್ಷರ, ಪದ, ಸಣ್ಣ ಪರಿಚ್ಛೇದ, ಕಥೆ ಎಂಬ ಅದರ ಮೆಟ್ಟಿಲುಗಳನ್ನು ಉಳಿಸಿಕೊಂಡು ಒಳಗಿನ ವಾಕ್ಯಗಳನ್ನು ದೊಡ್ಡವರಿಗೆ ತಕ್ಕಂತೆ ನಾವೇ ಬರೆದುಕೊಳ್ಳಬೇಕು.

ಅಕ್ಷರದ ಕ್ರಮ ಮತ್ತು ಬಸ್ಸಿನ ಬೋರ್ಡು

ಕನ್ನಡದಲ್ಲಿ ನಲವತ್ತೊಂಬತ್ತು ಅಕ್ಷರಗಳೆಂದು ನಾವು ಸುಲಭವಾಗಿ ಹೇಳುತ್ತೇವೆ, ಆದರೆ ಹೊಸದಾಗಿ ಓದುವವರ ಕಣ್ಣಿಗೆ ಬೀಳುವ ಆಕಾರಗಳು ಅಷ್ಟೇ ಅಲ್ಲ. ಮೂವತ್ತನಾಲ್ಕು ವ್ಯಂಜನಗಳು ಕಾಗುಣಿತದಲ್ಲಿ ರೂಪ ಬದಲಿಸಿ, ಒತ್ತಕ್ಷರದಲ್ಲಿ ಮತ್ತೆ ಬೇರೆ ವೇಷ ಹಾಕಿ ನೂರಾರು ಆಗುತ್ತವೆ. ಹೀಗಾಗಿ ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲೇ ಹೊರಟರೆ ಮೊದಲ ಪೂರ್ಣ ಪದ ಓದಲು ವಾರಗಳು ಬೇಕಾಗುತ್ತವೆ, ಹಗಲೆಲ್ಲ ದುಡಿದು ಬಂದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ನಮ್ಮ ಶಾಲೆಗಳ ನಲಿ-ಕಲಿ ಪದ್ಧತಿಯು ಬರೆಯಲು ಹೋಲುವ ಅಕ್ಷರಗಳನ್ನು ಗುಂಪು ಮಾಡಿ ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಈ ಐದರಲ್ಲೇ ದರ, ಸರ, ಅಗಸ, ಗರಗಸ ಎಂಬ ಪದಗಳು ಸಿದ್ಧ. ‘ದರ’ ಎಂಬ ಪದವನ್ನು ಮೊದಲ ದಿನವೇ ಓದಿದ ಹೆಂಗಸು ಮರುದಿನ ಸಂತೆಯ ಹಲಗೆಯಲ್ಲಿ ಅದನ್ನು ಗುರುತಿಸಬಲ್ಲಳು. ಈ ಕ್ರಮದ ಶಿಕ್ಷಕರ ಸಾಮಗ್ರಿ ಅಂತರ್ಜಾಲದಲ್ಲಿ ಸಾಕಷ್ಟಿದೆ; ಅದರ ಚಿತ್ರಗಳನ್ನು ಬಿಟ್ಟು ಕ್ರಮವನ್ನು ಮಾತ್ರ ತೆಗೆದುಕೊಳ್ಳಬೇಕು.

ಎರಡನೇ ಹಂತಕ್ಕೆ ನನಗೆ ತುಂಬ ಇಷ್ಟವಾದ ಪಠ್ಯ ಊರುಗಳ ಹೆಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸು ಹತ್ತುವುದು ಹೆಚ್ಚಾಗಿದೆ, ಆದರೆ ಬಸ್ ಸ್ಟ್ಯಾಂಡಿನಲ್ಲಿ ‘ಇದು ಯಾವ ಊರಿಗೆ ಹೋಗ್ತದ್ರಿ’ ಎಂದು ಕೇಳುವುದು ತಪ್ಪಿಲ್ಲ. ನಮ್ಮ ಮೂರು ಜಿಲ್ಲೆಗಳ ತಾಲೂಕುಗಳ ಪಟ್ಟಿಯನ್ನು ಕನ್ನಡ ವಿಕಿಪೀಡಿಯದಿಂದ ತೆಗೆದುಕೊಂಡು ಅಕ್ಷರದ ಕಷ್ಟಕ್ಕೆ ತಕ್ಕಂತೆ ಜೋಡಿಸಿ ನೋಡಿದರೆ ಅದು ತಾನಾಗಿಯೇ ಒಂದು ಪ್ರವೇಶಿಕೆಯಾಗುತ್ತದೆ. ಸುರಪುರ, ಕಲಬುರಗಿ, ಯಾದಗಿರಿ, ಕಾಳಗಿ, ಹುಣಸಗಿ, ಕಮಲಾಪುರ ಇವುಗಳಲ್ಲಿ ಒಂದೇ ಒಂದು ಒತ್ತಕ್ಷರವಿಲ್ಲ. ಆಳಂದ, ಸೇಡಂ, ಚಿಂಚೋಳಿ ಬಂದಾಗ ಅನುಸ್ವಾರದ ಸೊನ್ನೆ ಕಲಿಸಬಹುದು. ಚಿತ್ತಾಪುರ ಮತ್ತು ಚಿಟಗುಪ್ಪದಲ್ಲಿ ಒಂದೇ ಅಕ್ಷರದ ಒತ್ತು, ಭಾಲ್ಕಿ ಮತ್ತು ಬಸವಕಲ್ಯಾಣದಲ್ಲಿ ಬೇರೆ ಅಕ್ಷರದ ಒತ್ತು. ಜೇವರ್ಗಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅಲ್ಲಿನ ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಕೊನೆಗೆ ನಿಲ್ಲುತ್ತದೆ, ಸಾಲದ್ದಕ್ಕೆ ಕನ್ನಡದ ಒಂಬತ್ತರ ಅಂಕಿಯಂತೆ ಕಾಣುತ್ತದೆ. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನಕ್ಷೆಯ ಆ್ಯಪ್ ತೆರೆದರೆ ಈ ಊರುಗಳಲ್ಲಿ ಹೆಚ್ಚಿನವು ಕನ್ನಡದಲ್ಲೇ ಕಾಣುತ್ತವೆ. ತನ್ನ ಊರಿನಿಂದ ತವರಿಗೆ ಬೆರಳು ಹಾಯಿಸುತ್ತ ಹೋಗುವುದು ದೊಡ್ಡವರಿಗೆ ಸಣ್ಣ ಆಟವೇನೂ ಅಲ್ಲ.

ಕೈ ಪಳಗಿಸಲು ಚುಕ್ಕಿ ಅಕ್ಷರಗಳ ಹಾಳೆ ಹುಡುಕುವ ಅಗತ್ಯವಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಪ್ರತಿಯೊಬ್ಬರ ಹೆಸರನ್ನು ದೊಡ್ಡದಾಗಿ, ತಿಳಿ ಬೂದು ಬಣ್ಣದಲ್ಲಿ ಟೈಪ್ ಮಾಡಿ ಮುದ್ರಿಸಿಕೊಟ್ಟರೆ ಅದರ ಮೇಲೆಯೇ ತಿದ್ದಿ ಬರೆಯಬಹುದು. ನಲವತ್ತು ದಾಟಿದವರಲ್ಲಿ ಹಲವರಿಗೆ ಹತ್ತಿರದ್ದು ಮಂಜಾಗಿ ಕಾಣುವುದರಿಂದ ಅಕ್ಷರದ ಗಾತ್ರ ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಬೇಕು. ‘ಇಕಿಗೆ ತಲಿಗೆ ಹತ್ತಂಗಿಲ್ಲ’ ಎಂದು ನಾವು ತೀರ್ಮಾನಿಸಿದ ಎಷ್ಟೋ ಮಂದಿಗೆ ಬೇಕಾಗಿದ್ದುದು ಒಂದು ಚಾಳೀಸು.

ಯಾರೂ ಪಾಠವೆಂದು ಕರೆಯದ ಪುಟಗಳು

ದೊಡ್ಡವರು ಅಕ್ಷರಕ್ಕಾಗಿ ಅಕ್ಷರ ಕಲಿಯುವುದಿಲ್ಲ. ಒಂದು ನಿರ್ದಿಷ್ಟ ಕಾಗದವನ್ನು ತಾವೇ ಓದಬೇಕೆಂಬ ಹಟದಿಂದ ಕಲಿಯುತ್ತಾರೆ. ಆ ಕಾಗದಗಳು ಇಂದು ಅಂತರ್ಜಾಲದಲ್ಲಿವೆ. ವಯಸ್ಕರ ಬೋಧಕರಿಗೆ ಅತ್ಯಂತ ಉಪಯುಕ್ತವಾದ ತಾಣ ಯಾವುದೆಂದು ಯಾರಾದರೂ ಕೇಳಿದರೆ ನಾನು ಶಿಕ್ಷಣ ಇಲಾಖೆಯದಕ್ಕಿಂತ ಮೊದಲು ಕಂದಾಯ ಇಲಾಖೆಯ ಭೂದಾಖಲೆಗಳ ತಾಣವನ್ನು ಹೆಸರಿಸುತ್ತೇನೆ.

ಪಹಣಿಯನ್ನೇ ತೆಗೆದುಕೊಳ್ಳಿ. ಭೂಮಿ ಯೋಜನೆಯಿಂದಾಗಿ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಮೊಬೈಲಿನಲ್ಲಿ ನೋಡಬಹುದು. ಅದರಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಂಬ ಪದಗಳು ನಿಶ್ಚಿತ ಜಾಗದಲ್ಲಿ ಇರುತ್ತವೆ, ಆದ್ದರಿಂದ ಓದು ಬಾರದವರೂ ಜಾಗ ನೋಡಿ ಪದ ಊಹಿಸಬಲ್ಲರು. ಊಹೆಯಿಂದ ಗುರುತಿಗೆ, ಗುರುತಿನಿಂದ ಅಕ್ಷರಕ್ಕೆ ಹೋಗುವುದು ಸುಲಭ. ಕಲಿಯುವವಳ ಗಂಡನ ಅಥವಾ ಅತ್ತೆಯ ಹೆಸರು ಅಲ್ಲಿ ಕಂಡರೆ ಕುತೂಹಲ ಹುಟ್ಟಿಸಲು ಬೇರೆ ಉಪಾಯ ಬೇಕಾಗಿಲ್ಲ. ಲೆಕ್ಕದ ಪಾಠವಂತೂ ಅಲ್ಲೇ ಇದೆ. ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಶಾಲೆಯ ದಶಮಾಂಶ ಕಲಿತ ಮಗ ಅದನ್ನು ಎರಡು ಎಕರೆಗಿಂತ ಸ್ವಲ್ಪ ಹೆಚ್ಚು ಎಂದು ಓದಿದರೆ ತಪ್ಪಾಗುತ್ತದೆ, ಹೊಲ ಗೊತ್ತಿರುವ ತಾಯಿ ಅವನನ್ನು ತಿದ್ದುತ್ತಾಳೆ. ಇಂಥ ಸಂದರ್ಭಗಳು ತರಗತಿಯ ಗಾಳಿಯನ್ನೇ ಬದಲಿಸುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪಾಲಿನ ತಕರಾರಿರುವ ಮನೆಯ ಪಹಣಿಯನ್ನು ಎಲ್ಲರ ಮುಂದೆ ತೆರೆಯಬಾರದು.

ಮಾರುಕಟ್ಟೆ ಧಾರಣೆಯೂ ಹಾಗೆಯೇ. ‘ಕೃಷಿ ಮಾರಾಟ ವಾಹಿನಿ’ ತಾಣದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ದಿನದ ಧಾರಣೆ ಕೋಷ್ಟಕದ ರೂಪದಲ್ಲಿ ಸಿಗುತ್ತದೆ. ರಾಶಿಯ ದಿನಗಳಲ್ಲಿ ತೊಗರಿಯ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಾಗಿ ನಡೆದ) ಧಾರಣೆಗಳನ್ನು ಹಲಗೆಯ ಮೇಲೆ ಬರೆದು ವಾರವಿಡೀ ಹೋಲಿಸಬಹುದು. ಕ್ವಿಂಟಾಲಿಗೆ 7,000 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಗೆ 70, ಅರವತ್ತೈದು ಕಿಲೋದ ಚೀಲಕ್ಕೆ 4,550. ಈ ಗುಣಾಕಾರವನ್ನು ಮನಸ್ಸಿನಲ್ಲೇ ಮಾಡಿ ಮುಗಿಸುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಬಾರದಿರುವುದು ಲೆಕ್ಕವಲ್ಲ, ಲೆಕ್ಕದ ಬರಹ. ಮನಸ್ಸಿನ ಲೆಕ್ಕವನ್ನು ಕಾಗದಕ್ಕಿಳಿಸುವುದಷ್ಟೇ ಬೋಧಕರ ಕೆಲಸ ಎಂದು ತಿಳಿದರೆ ಅರ್ಧ ತೊಡಕು ಕಳೆಯುತ್ತದೆ. ಅಂಕಿಗಳ ವಿಷಯದಲ್ಲಿ ಪ್ರವೇಶಿಕೆಗಳು ೧, ೨, ೩ ಎಂದು ಆರಂಭಿಸಿದರೂ ನೋಟು, ಮೊಬೈಲಿನ ಕೀಲಿಗಳು, ಪಾಸ್‌ಬುಕ್ಕು, ಕೆಎ 32 ಎಂಬ ವಾಹನದ ಫಲಕ ಎಲ್ಲವೂ 1, 2, 3 ಅಂಕಿಯಲ್ಲಿರುವುದರಿಂದ ಮೊದಲು ಇವುಗಳನ್ನೇ ಕಲಿಸುವುದು ಲೇಸು.

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ 2023ರ ಆಗಸ್ಟ್‌ನಿಂದ ಹೆಂಗಸರ ಖಾತೆಗೆ ಬರತೊಡಗಿದ ಮೇಲೆ ಬ್ಯಾಂಕಿನ ಸಂದೇಶ ಓದುವ ಆಸೆ ಮನೆಮನೆಯದಾಗಿದೆ. ಈ ಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ ‘ಕ್ರೆಡಿಟೆಡ್’ ಮತ್ತು ‘ಡೆಬಿಟೆಡ್’ ಎಂಬ ಎರಡು ಪದಗಳನ್ನು ಚಿತ್ರದಂತೆ ಗುರುತಿಸಲು ಕಲಿಸಿದರೆ ಬಂದದ್ದು ಯಾವುದು, ಹೋದದ್ದು ಯಾವುದು ಎಂದು ತಿಳಿಯುತ್ತದೆ. ಕನ್ನಡದಲ್ಲಿ ಇದೇ ವಿಷಯ ಹೇಳಲು ರಿಸರ್ವ್ ಬ್ಯಾಂಕಿನ ತಾಣದಲ್ಲಿ ಹಣಕಾಸು ಸಾಕ್ಷರತೆಯ ಸಚಿತ್ರ ಪುಸ್ತಿಕೆಗಳಿವೆ. ಒಟಿಪಿ ಹೇಳಬಾರದೆಂಬ ಪಾಠಕ್ಕೆ ಅವು ತಕ್ಕವು. ಮೋಸವಾದರೆ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಬರೆಯಿಸಿ ಗೋಡೆಗೆ ಅಂಟಿಸಲು ಹೇಳಬೇಕು. ನೋಟಿನ ಹಿಂಬದಿಯ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ ಎಂಬುದನ್ನು ಓದು ಬಲ್ಲವರೂ ಗಮನಿಸಿರುವುದಿಲ್ಲ. ‘ನೂರು ರೂಪಾಯಿಗಳು’ ಎಂದು ಅಲ್ಲಿ ಕಾಣುವ ಅಕ್ಷರಗಳು ತೀರ ಚಿಕ್ಕವು, ಆದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿದರೆ ಅರ್ಧ ಗಂಟೆಯ ಪಾಠ ಸಿದ್ಧ.

ತಾಂಡಾಗಳಲ್ಲಿ ಕಲಿಸುವವರಿಗೆ ಇನ್ನೊಂದು ಕಾಗದವಿದೆ. 2023ರ ಜನವರಿಯಲ್ಲಿ ಸೇಡಂ ತಾಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದ ಮೂಲಕ ಕಲ್ಯಾಣ ಕರ್ನಾಟಕ ಭಾಗ ಮತ್ತು ವಿಜಯಪುರದ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ, ಬಹುಪಾಲು ಲಂಬಾಣಿಗರಿಗೆ, ಹಕ್ಕುಪತ್ರ ದೊರೆಯಿತು. ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿರುವ ಆ ಹಾಳೆಯಲ್ಲಿ ಏನಿದೆ ಎಂದು ಓದಿ ತಿಳಿಯುವುದಕ್ಕಿಂತ ದೊಡ್ಡ ಪ್ರೇರಣೆ ಯಾವ ಆ್ಯಪ್‌ನಲ್ಲೂ ಸಿಗದು. ಆದರೆ ಅಲ್ಲಿ ಬೋಧಕರು ಮರೆಯಬಾರದ ಸಂಗತಿಯೊಂದಿದೆ. ಲಂಬಾಣಿ ಮನೆಮಾತಿನವರಿಗೆ ಕನ್ನಡದ ಅಕ್ಷರ ಕಲಿಸುವಾಗ ಭಾಷೆ ಮತ್ತು ಲಿಪಿ ಎರಡನ್ನೂ ಒಟ್ಟಿಗೆ ಕಲಿಸುತ್ತಿರುತ್ತೇವೆ. ಮೊದಲ ಕೆಲವು ವಾರ ಅವರ ಮಾತಿನ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದು ಓದಿಸಿದರೆ ಒಂದೇ ಹೊರೆ ಹೊರುವಂತಾಗುತ್ತದೆ. ಬೀದರ್ ಕಡೆಯ ಮರಾಠಿ, ಉರ್ದು, ಗುರುಮಠಕಲ್ ಕಡೆಯ ತೆಲುಗು ಮಾತಾಡುವವರ ವಿಷಯದಲ್ಲಿ ಅವರವರ ಭಾಷೆಯ ಪ್ರವೇಶಿಕೆ ಬೇಕೋ ಕನ್ನಡದ್ದು ಬೇಕೋ ಎಂಬುದನ್ನು ಅವರನ್ನೇ ಕೇಳಬೇಕು.

ಓದುವ ರೂಢಿಗೆ

ಅಕ್ಷರ ಕೂಡಿಸಲು ಬಂದವರಿಗೆ ಓದಲು ಏನಾದರೂ ದಿನಾ ಸಿಗದಿದ್ದರೆ ಕಲಿತದ್ದು ಆರಿಹೋಗುತ್ತದೆ. 2015ರ ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ಆರಂಭವಾದ ಸ್ಟೋರಿವೀವರ್‌ನಲ್ಲಿ ನಾಲ್ಕು ಹಂತಗಳಲ್ಲಿ ವಿಂಗಡಿಸಿದ ಕನ್ನಡ ಕಥೆಗಳಿವೆ. ಅವನ್ನು ಇಳಿಸಿಕೊಂಡು ಮುದ್ರಿಸಬಹುದು. ಅವು ಮಕ್ಕಳ ಪುಸ್ತಕಗಳಲ್ಲವೇ, ಮೇಲಿನ ಜರಡಿಯಲ್ಲಿ ಬಿದ್ದುಹೋಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಅನುಭವದಲ್ಲಿ ‘ನೀವು ಓದಿ’ ಎಂದು ಕೊಟ್ಟಾಗ ಬೇಡವೆಂದವರು ‘ಮೊಮ್ಮಗನಿಗೆ ಓದಿ ಹೇಳ್ರಿ’ ಎಂದಾಗ ಅದೇ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಕಥೆ ಹೇಳುವ ಅಜ್ಜಿಯ ಸ್ಥಾನ ಅವರಿಗೆ ಮೊದಲೇ ಇತ್ತು, ಪುಸ್ತಕ ಅದಕ್ಕೆ ಸೇರಿಕೊಂಡಿತು.

ವಚನಗಳನ್ನು ಹುಡುಕಲು ‘ವಚನ ಸಂಚಯ’ ತಾಣವಿದೆ. ಬೇಕಾದ ಪದ ಕೊಟ್ಟರೆ ಅದಿರುವ ವಚನಗಳು ಸಿಗುತ್ತವೆ. ಬಸವಕಲ್ಯಾಣದ ನೆಲದಲ್ಲಿ ಭಜನೆ, ತತ್ವಪದಗಳ ಜೊತೆಗೆ ಹಲವು ವಚನಗಳು ಅಕ್ಷರ ಬಾರದವರಿಗೂ ಬಾಯಿಪಾಠವಾಗಿವೆ. ಬಾಯಿಪಾಠವಾದದ್ದನ್ನು ಓದಿಸುವುದರಲ್ಲಿ ಲಾಭವೂ ಇದೆ, ಮೋಸವೂ ಇದೆ: ಕಣ್ಣು ಹಾಳೆಯ ಮೇಲಿದ್ದರೂ ನಾಲಗೆ ನೆನಪಿನಿಂದ ಓಡುತ್ತಿರುತ್ತದೆ. ಆದ್ದರಿಂದ ಮುದ್ರಿಸಿದ ವಚನವನ್ನು ಪದಪದವಾಗಿ ಕತ್ತರಿಸಿ, ಚೀಟಿಗಳನ್ನು ಕಲಸಿ, ಮತ್ತೆ ಜೋಡಿಸಲು ಹೇಳಬೇಕು.

ಮುಂದಿನ ಓದಿಗೆ ರಾಜ್ಯ ಸರ್ಕಾರದ ‘ಕಣಜ’ ಜ್ಞಾನಕೋಶ, ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಪದಗಳ ಅರ್ಥಕ್ಕೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇವೆ. ಇವೆಲ್ಲ ನವಸಾಕ್ಷರರ ಕೈಗೆ ನೇರವಾಗಿ ಕೊಡುವಂಥವಲ್ಲ, ಬೋಧಕರು ಸರಳ ಮಾಡಿ ಕೊಡಬೇಕಾದವು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ ವಾರಕ್ಕೊಮ್ಮೆ ಅಲ್ಲಿ ಕುಳಿತು ಇಳಿಸಿಕೊಳ್ಳುವ ಕೆಲಸ ಮುಗಿಸಬಹುದು.

ಕಲಿಯುವವರ ಮಾತೇ ಪಠ್ಯ

ಗೂಗಲ್‌ನ ಧ್ವನಿ ಟೈಪಿಂಗ್‌ನಲ್ಲಿ 2017ರಿಂದ ಕನ್ನಡವಿದೆ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಇದು ಸಾಕ್ಷರತಾ ತರಗತಿಗೆ ಎಂಥ ಸಾಧನ ಎಂಬುದು ಹೆಚ್ಚು ಚರ್ಚೆಗೆ ಬಂದಿಲ್ಲ. ಕಲಿಯುವವರು ಹೇಳಿದ್ದನ್ನು ಬೋಧಕರು ಬರೆದುಕೊಂಡು ಅದನ್ನೇ ಅವರಿಂದ ಓದಿಸುವ ವಿಧಾನ ವಯಸ್ಕರ ಶಿಕ್ಷಣದಲ್ಲಿ ಬಹಳ ಹಳೆಯದು, ಅದರ ಬಲ ಸರಳವಾದದ್ದು: ಓದುವ ಮೊದಲೇ ಅರ್ಥ ಗೊತ್ತಿರುತ್ತದೆ. ಫೋನು ಆ ಬರವಣಿಗೆಯನ್ನು ಕಣ್ಣೆದುರೇ ಮಾಡಿಕೊಡುವುದರಿಂದ ಮಾತು ಅಕ್ಷರವಾಗುವುದನ್ನು ಅವರು ನೋಡುತ್ತಾರೆ.

ತೊಡಕು ಇರುವುದು ನಮ್ಮ ಕಡೆಯ ಮಾತಿನಲ್ಲಿ. ‘ನಿನ್ನಿ ಹೊಲಕ್ಕ ಹೋಗಿ ಹತ್ತಿ ಬಿಡಿಸಿ ಬಂದೆ’ ಎಂದರೆ ಯಂತ್ರವು ‘ನಿನ್ನೆ ಹೊಲಕ್ಕೆ’ ಎಂದು ತಾನೇ ತಿದ್ದಿ ಬರೆಯಬಹುದು, ಅಥವಾ ಅರ್ಥವೇ ಇಲ್ಲದ ಬೇರೇನನ್ನೋ ಬರೆಯಬಹುದು. ಆಗ ‘ನೀ ಹೇಳಿದ್ದು ತಪ್ಪು’ ಎಂಬ ಭಾವ ಬಾರದಂತೆ ನೋಡಿಕೊಳ್ಳುವುದು ಬೋಧಕರ ಹೊಣೆ. ಮೊದಲು ಅವರು ಹೇಳಿದಂತೆಯೇ ‘ಹೊಲಕ್ಕ’ ಎಂದು ಕೈಯಿಂದ ತಿದ್ದಿ ಓದಿಸಬೇಕು. ಕೆಲವು ದಿನಗಳ ನಂತರ ಪುಸ್ತಕದಲ್ಲಿ ಅದೇ ಪದ ‘ಹೊಲಕ್ಕೆ’ ಎಂದಿರುತ್ತದೆ ಎಂದು ಪಕ್ಕಪಕ್ಕ ಬರೆದು ತೋರಿಸಿದರೆ ಸಾಕು. ಹೀಗೆ ಒಬ್ಬೊಬ್ಬರದು ಐದು ಸಾಲಿನಂತೆ ಹತ್ತು ಮಂದಿಯ ಮಾತು ಕೂಡಿಸಿದರೆ ಆ ಊರಿನದೇ ಒಂದು ಪುಸ್ತಿಕೆಯಾಗುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಕೇಳಿ ಸರಳ ಪಠ್ಯ ಬರೆಯಿಸಿಕೊಳ್ಳುವ ರೂಢಿಯೂ ಈಗ ಬಂದಿದೆ. ಒತ್ತಕ್ಷರವಿಲ್ಲದೆ ಬರೆ ಎಂದರೂ ಅವು ಒತ್ತಕ್ಷರ ಬೆರೆಸುತ್ತವೆ, ಜೋಳದ ರೊಟ್ಟಿಯ ಊರಿಗೆ ಇಡ್ಲಿ ಬಡಿಸುತ್ತವೆ. ಸಾಲುಸಾಲಾಗಿ ಓದಿ ತಿದ್ದುವಷ್ಟು ಸಮಯವಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು.

ನುಡಿ, ಯೂನಿಕೋಡ್ ಮತ್ತು ಮಸುಕಾದ ಹಾಳೆ

ಹಳೆಯ ಪ್ರಶಿಕ್ಷಣ ಸಾಮಗ್ರಿಯ ಕಡತ ತೆರೆದಾಗ ಕನ್ನಡದ ಬದಲು ವಿಚಿತ್ರ ರೋಮನ್ ಚಿಹ್ನೆಗಳು ಕಂಡರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿದ್ದವು, ಫಾಂಟು ಇಲ್ಲದ ಮೊಬೈಲಿನಲ್ಲಿ ಮುಖವಾಡ ಕಳಚಿಬೀಳುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಈ ತೊಂದರೆ ಇಲ್ಲ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿಟ್ಟು ನೋಡಬೇಕು. ಹೊಸ ಹಾಳೆ ಸಿದ್ಧಪಡಿಸಲು ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲುಗಳಂಥ ಮುಕ್ತ ಫಾಂಟುಗಳು ಸಾಕು.

ವಾಟ್ಸ್ಆ್ಯಪ್‌ನಲ್ಲಿ ಹಾಳೆಯ ಫೋಟೊ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡು ನೆಟ್ ಇಲ್ಲದೆ ಓದಲು ‘ಕಿವಿಕ್ಸ್’ ಎಂಬ ಉಚಿತ ಆ್ಯಪ್ ಇದೆ. ಕಲಿಯುವವರ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಫೋಟೊಗಳನ್ನು ಗುಂಪಿಗೆ ಹಾಕಿ ‘ನೋಂದಣಿ ಮಾಡ್ರಿ ಸರ’ ಎನ್ನುವ ಅಭ್ಯಾಸವನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು.

ಬೋಧಕರ ಸ್ವಂತ ಓದು

ಕಲಿಸುವ ವಿಧಾನದ ಬಗ್ಗೆ ಕನ್ನಡದಲ್ಲೇ ಓದಬೇಕೆನ್ನುವವರಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಲ್ಲಿ ಶಿಕ್ಷಣ ಸಂಬಂಧಿ ಬರಹಗಳ ಅನುವಾದಗಳಿವೆ. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ ಶಾಲಾ ಶಿಕ್ಷಕರಿಗಾಗಿ ಹುಟ್ಟಿದ್ದಾದರೂ ತಂತ್ರಾಂಶ ಬಳಕೆಯ ಪುಟಗಳು ನಮಗೂ ಸಲ್ಲುತ್ತವೆ. ಇಂಗ್ಲಿಷ್ ಬಲ್ಲವರು ಯುನೆಸ್ಕೋದ ಹ್ಯಾಂಬರ್ಗ್ ಕೇಂದ್ರ ಕೂಡಿಸಿರುವ ನಾನಾ ದೇಶಗಳ ಸಾಕ್ಷರತಾ ಕಾರ್ಯಕ್ರಮಗಳ ವಿವರ, ವಯಸ್ಕರ ಶಿಕ್ಷಣದ ತಾಣಗಳಾದ ಅಮೆರಿಕ ಸರ್ಕಾರದ ‘ಲಿಂಕ್ಸ್’, ಐರ್ಲೆಂಡಿನ ‘ನಾಲಾ’ ನೋಡಬಹುದು. ಆದರೆ ಇಂಗ್ಲಿಷಿನಲ್ಲಿ ಓದು ಕಲಿಸುವ ದೊಡ್ಡ ತೊಡಕು ಕಾಗುಣಿತ ಒಂದು, ಉಚ್ಚಾರ ಇನ್ನೊಂದು ಎಂಬುದು. ನಮ್ಮ ತೊಡಕು ಆಕಾರಗಳ ಸಂಖ್ಯೆಯದು. ಆದ್ದರಿಂದ ಅಲ್ಲಿಂದ ಧ್ವನಿಪಾಠಗಳನ್ನು ತರುವುದು ವ್ಯರ್ಥ. ದೊಡ್ಡವರೊಡನೆ ಹೇಗೆ ಮಾತಾಡಬೇಕು, ಬಿಟ್ಟುಹೋದವರನ್ನು ಹೇಗೆ ಮರಳಿ ಕರೆಯಬೇಕು ಎಂಬ ಭಾಗಗಳನ್ನು ಮಾತ್ರ ತರಬೇಕು.

ಬಿಟ್ಟುಹೋಗುವುದು ನಮ್ಮಲ್ಲಿ ಬೇರೆಯದೇ ಅರ್ಥ ಪಡೆಯುತ್ತದೆ. ಸುಗ್ಗಿ ಮುಗಿದು ಬೇಸಿಗೆ ಹತ್ತಿರವಾದಂತೆ ಯಾದಗಿರಿಯ ಹಳ್ಳಿ, ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೊರಡುತ್ತವೆ, ತರಗತಿ ಅರ್ಧಕ್ಕೆ ಖಾಲಿಯಾಗುತ್ತದೆ. ಪುಸ್ತಕ ಊರಲ್ಲೇ ಉಳಿದರೂ ಫೋನು ಅವರ ಜೊತೆ ಹೋಗುತ್ತದೆ. ಹೊರಡುವ ವಾರ ಅವರ ಮೆಮೊರಿ ಕಾರ್ಡಿಗೆ ನಾಲ್ಕು ಸಂಗತಿ ಹಾಕಿಕೊಟ್ಟರೆ ಸಾಕು: ಅವರದೇ ಮಾತಿನ ಪುಸ್ತಿಕೆಯ ಪಿಡಿಎಫ್, ಬೋಧಕರು ಅದನ್ನು ನಿಧಾನವಾಗಿ ಓದಿದ ಧ್ವನಿಮುದ್ರಣ, ಮಕ್ಕಳಿಗೆ ಓದಿ ಹೇಳಲು ಎರಡು ಕಥೆ, ಮತ್ತು ದಿನಾಂಕ, ಕೆಲಸ, ಕೂಲಿ, ಮುಂಗಡ ಎಂಬ ನಾಲ್ಕು ಅಂಕಣಗಳ ಖಾಲಿ ಹಾಳೆ. ಈ ಕೊನೆಯದನ್ನು ಕಾಗದದ ಮೇಲೆಯೂ ಮುದ್ರಿಸಿಕೊಡಬೇಕು, ಏಕೆಂದರೆ ಮೇಸ್ತ್ರಿಯೊಡನೆ ಲೆಕ್ಕ ಚುಕ್ತಾ ಮಾಡುವ ದಿನ ಫೋನಿನ ಚಾರ್ಜು ಇರುತ್ತದೆಂಬ ಭರವಸೆಯಿಲ್ಲ.